ಮಾದೇವಮಾವ ಕೈಮುಗಿದ ಭಾನುವಾರ

ನಮ್ಮ ಮನೆಯಲ್ಲಿ ಅನ್ನಕ್ಕೂ ವಾರ್ನಿಷಿನ ವಾಸನೆ ಇತ್ತು. ಗುಂಡ್ಲುಪೇಟೆಯ ಊಟಿ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಬೀದಿಯಲ್ಲಿ ನಮ್ಮ ಹೆಂಚಿನ ಮನೆ. ಅದರ ಮುಂಗೋಣೆಯೇ ಅಪ್ಪನ ಅಂಗಡಿ. ಬೇಗೂರು, ತೆರಕಣಾಂಬಿ ಕಡೆಯ ರೈತರು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ತಂದು ಇಳಿಸುತ್ತಿದ್ದರು. ಅಪ್ಪ ಒಳಗಿನ ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಬಳಿದು ಬಿಸಿಲಿಗಿಡುತ್ತಿದ್ದ. ಅಂಗಡಿಗೂ ಅಡುಗೆಮನೆಗೂ ನಡುವೆ ಇದ್ದದ್ದು ನಡುಮನೆಯೊಂದೇ. ಮೋಡ ಕಟ್ಟಿದರೆ ಅಂಗಳದ ಮೋಟಾರುಗಳೆಲ್ಲ ನಡುಮನೆಗೆ ಬಂದು ಕೂರುತ್ತಿದ್ದವು. ನಾವು ಅವುಗಳ ಸಂದಿಯಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದೆವು. ಅವ್ವ ರಾಗಿ ಹಿಟ್ಟಿನ ಡಬ್ಬದ ಬಾಯಿಗೆ ಎಷ್ಟು ಬಟ್ಟೆ ಬಿಗಿದರೂ ಮುದ್ದೆ ಮುರಿದರೆ ಒಳಗಿನಿಂದ ಅದೇ ವಾಸನೆ ಬರುತ್ತಿತ್ತು. ಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಒಂದು ದಿನ ನನ್ನ ಜಡೆ ಮೂಸಿ, ನಿಮ್ಮವ್ವ ತಲೆಗೆ ಪಾಲಿಶ್ ಹಚ್ತಾಳಾ ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದ್ದಳು. ಅವತ್ತು ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ಸೀಗೆಪುಡಿ ಹಾಕಿ ಕಣ್ಣುರಿಯುವವರೆಗೂ ತಲೆ ತಿಕ್ಕಿಕೊಂಡೆ. ನಾಚಿಕೆ ಅಂದರೆ ಅಷ್ಟೇ, ತಿಕ್ಕಿ ತೊಳೆದರೆ ಹೋಗುವಂಥದ್ದು ಎಂದು ಆಗ ತಿಳಿದಿದ್ದೆ.

ಆದರೆ ಅಪ್ಪನ ಕೈಕೆಲಸದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಹೊಸದಾಗಿ ಸುತ್ತಿದ ಮೋಟಾರನ್ನು ಕರೆಂಟಿಗೆ ಕೊಟ್ಟು ನೋಡುವ ಹೊತ್ತು ನಮ್ಮ ಮನೆಯಲ್ಲಿ ಪೂಜೆಯ ಹೊತ್ತಿನಂತೆ ಇರುತ್ತಿತ್ತು. ಪಂಪಿನ ಮೋಟಾರಿಗೆ ಮೂರು ವೈರು. ಅದರಲ್ಲಿ ಎರಡು ಅದಲುಬದಲಾದರೆ ಮೋಟಾರು ಹಿಂದುಮುಂದಾಗಿ ತಿರುಗುತ್ತದೆ. ಸದ್ದು ಜೋರಾಗಿಯೇ ಇರುತ್ತದೆ, ನೀರು ಮಾತ್ರ ಸರಿಯಾಗಿ ಮೇಲೆ ಬರುವುದಿಲ್ಲ. ಅದಕ್ಕೆ ಅಪ್ಪ ಮೋಟಾರಿನ ತಿರುಗುವ ದಂಡದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಡೆಯ ಸ್ವಿಚ್ಚಿನ ಹತ್ತಿರ ನಿಲ್ಲುತ್ತಿದ್ದಳು. ಅಪ್ಪ 'ಹಾಕು' ಎಂದರೆ ಹಾಕಿ, 'ತೆಗಿ' ಎಂದರೆ ತೆಗೆಯುತ್ತಿದ್ದಳು. ದಂಡ ನಿಧಾನವಾಗಿ ನಿಲ್ಲುತ್ತಾ ಬಂದಾಗ ಗೆರೆ ಯಾವ ಕಡೆಗೆ ಸುತ್ತುತ್ತಿದೆ ಎಂದು ಇಬ್ಬರೂ ಬಗ್ಗಿ ನೋಡುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಅವ್ವ ಅದೇ ಜಾಗದಲ್ಲಿ ನಿಂತು ಎಷ್ಟು ಮೋಟಾರು ನೋಡಿದ್ದಳೋ. ಒಮ್ಮೆ ಬೇಗೂರಿನ ರೈತನೊಬ್ಬ ಬಾವಿಯಲ್ಲಿ ನೀರಿದ್ದೂ ಪಂಪು ಎತ್ತುತ್ತಿಲ್ಲ, ಯಾರೋ ಮಾಟ ಮಾಡಿಸಿದ್ದಾರೆಂದು ಗೋಳಾಡಿಕೊಂಡು ಬಂದಿದ್ದ. ಅಪ್ಪ ಅವನ ತೋಟಕ್ಕೆ ಹೋಗಿ ಎರಡು ವೈರು ಬದಲಿಸಿ ಕೊಟ್ಟ, ನೀರು ಬಂತು. ಆಮೇಲೆ ವರ್ಷವೆಲ್ಲ ಅಂಗಡಿಗೆ ಬಂದವರ ಮುಂದೆ ಆ ರೈತನ ದನಿಯಲ್ಲೇ ಅಳುತ್ತಾ ಆ ಕಥೆ ಹೇಳಿ ನಗಿಸುತ್ತಿದ್ದ. ನಾನೂ ಬಿದ್ದು ಬಿದ್ದು ನಗುತ್ತಿದ್ದೆ.

ಇಂಥ ಮನೆಗೆ ಒಂದು ಕಾರು ಬಂತು. ಮೈಸೂರಿನ ಯಾರೋ ವೈದ್ಯರು ಓಡಿಸಿ ಬಿಟ್ಟ ಸಣ್ಣ ಬಿಳಿ ಕಾರು. ಬಾಡಿಗೆಗೆ ಬಿಟ್ಟರೆ ಮೋಟಾರು ಕೆಲಸ ಇಲ್ಲದ ಮಳೆಗಾಲದಲ್ಲೂ ಮನೆ ನಡೆಯುತ್ತದೆ ಎಂಬುದು ಅಪ್ಪನ ಎಣಿಕೆ. ಅಪ್ಪನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಅವ್ವನ ತಮ್ಮ ಮಾದೇವಮಾವ ಸಂತೆಮರಹಳ್ಳಿಯಿಂದ ಚಾಮರಾಜನಗರಕ್ಕೆ ಬೇರೆಯವರ ಟೆಂಪೋ ಓಡಿಸಿಕೊಂಡಿದ್ದ. ಅವನನ್ನೇ ಕರೆಸಿಕೊಂಡರು. ಒಂದು ರೆಕ್ಸಿನ್ ಬ್ಯಾಗು, ಒಂದು ಕನ್ನಡಿ ಹಿಡಿದುಕೊಂಡು ಬಂದವನು ನಡುಮನೆಯ ಮೋಟಾರುಗಳ ಪಕ್ಕ ತನ್ನ ಚಾಪೆ ಹಾಸಿದ. ಅವನು ಬಂದ ಮೇಲೆ ಅವ್ವನ ನಡಿಗೆಯೇ ಬೇರೆಯಾಯಿತು. ವಾರಕ್ಕೊಮ್ಮೆ ಮಾಡುತ್ತಿದ್ದ ಉಪ್ಪುಸಾರನ್ನು ದಿನ ಬಿಟ್ಟು ದಿನ ಮಾಡತೊಡಗಿದಳು, ಅವನಿಗೆ ಇಷ್ಟವೆಂದು. ತವರಿನ ಒಬ್ಬರು ತನ್ನ ಮನೆಯಲ್ಲಿ ಉಂಡು, ದುಡಿದು, ಗೌರವವಾಗಿ ಇದ್ದಾರೆ ಎನ್ನುವುದು ಹೆಂಗಸಿಗೆ ಎಷ್ಟು ದೊಡ್ಡದು ಎಂದು ನನಗೆ ನನ್ನ ಮದುವೆಯಾದ ಮೇಲೆ ಗೊತ್ತಾಯಿತು. ಅಪ್ಪ ಅವನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದ, ಆದರೆ ಊಟಕ್ಕೆ ಕೂತಾಗ ಒಂದಲ್ಲ ಒಂದು ಮಾತಿನಲ್ಲಿ, ನೀನು ಸ್ಟೇರಿಂಗ್ ತಿರುಗಿಸುವವನು, ಒಳಗೆ ಏನಿದೆ ಅಂತ ನಿನಗೇನು ಗೊತ್ತು ಎಂದು ಚುಚ್ಚುತ್ತಿದ್ದ. ಮಾದೇವಮಾವ ತಲೆ ತಗ್ಗಿಸಿ ನಕ್ಕುಬಿಡುತ್ತಿದ್ದ.

ಕಾರಿನ ಇಂಜಿನ್ ಮೊದಲ ಸಲ ಕಾದದ್ದು ಚಾಮರಾಜನಗರದ ಪೇಟೆ ಬೀದಿಯಲ್ಲಿ. ಮದುವೆ ಜವಳಿಗೆ ಹೋದವರನ್ನು ಕಾಯುತ್ತಾ, ಆಗಾಗ ಗಾಡಿ ಮುಂದೆ ಹಿಂದೆ ಸರಿಸುತ್ತಾ ಇದ್ದಾಗ ಬಿಸಿ ತೋರಿಸುವ ಮುಳ್ಳು ಮೇಲಕ್ಕೆ ಹೋಗಿಬಿಟ್ಟಿತು. ಮಾವ ಇಂಜಿನ್ ನಿಲ್ಲಿಸಿ, ಆರಿಸಿ, ಹೇಗೋ ಮನೆಗೆ ತಂದ. ಕಾರು ಜೋರಾಗಿ ಹೋಗುವಾಗ ಎದುರುಗಾಳಿ ಬಡಿದು ಇಂಜಿನ್ನಿನ ನೀರು ತಣ್ಣಗಿರುತ್ತದೆ. ನಿಂತಾಗ, ಇಲ್ಲವೇ ಮೆಲ್ಲಗೆ ಏರು ಹತ್ತುವಾಗ, ಮುಂದಿನ ರೇಡಿಯೇಟರಿನ ಹಿಂದೆ ಇರುವ ಫ್ಯಾನು ಹೊರಗಿನ ಗಾಳಿಯನ್ನು ಒಳಕ್ಕೆ ಎಳೆಯಬೇಕು. ಆ ಫ್ಯಾನು ತಿರುಗುತ್ತಿರಲಿಲ್ಲ. ಮಾವ ಫ್ಯೂಸು ನೋಡಿದ, ಸರಿಯಿತ್ತು. ಬ್ಯಾಟರಿಯಿಂದ ನೇರವಾಗಿ ಫ್ಯಾನಿಗೆ ವೈರು ಕೊಟ್ಟು ನೋಡಿದ. ಆಗಲೂ ಅಲುಗಲಿಲ್ಲ.

"ಮೋಟ್ರೇ ಓಗ್ಬುಟ್ಟದೆ ಭಾವ," ಎಂದ.

"ಮೋಟ್ರು ತಾನೆ? ಬಿಚ್ಚಿ ತತ್ತಾ ಇಲ್ಲಿ," ಎಂದ ಅಪ್ಪ. ಅವನ ಮುಖ ಅರಳಿತ್ತು.

ಸಂಜೆ ಊಟದ ತಟ್ಟೆಗಳನ್ನು ಆಚೆ ಸರಿಸಿ ಅಪ್ಪ ನಡುಮನೆಯ ನೆಲದ ಮೇಲೇ ಫ್ಯಾನು ಬಿಚ್ಚಿದ. ಒಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ಷುಗಳು ಸವೆದು ಮೊಂಡಾಗಿದ್ದವು. ಮಿಕ್ಸಿಯ ಬ್ರಷ್ಷು ತೆಗೆದು, ಅರದಿಂದ ಉಜ್ಜಿ ಉಜ್ಜಿ ಅಳತೆಗೆ ತಂದು ಕೂರಿಸಿದ. ವೈರಿನ ತುದಿಯ ಪ್ಲಗ್ಗು ಕಾವಿಗೆ ಕರಗಿಹೋಗಿತ್ತು. ಅದನ್ನು ಕತ್ತರಿಸಿ ಬಿಸಾಡಿ ತನ್ನದೇ ವೈರು ಹಾಕಿದ, ಎರಡೂ ಕೆಂಪು. ಬ್ಯಾಟರಿಗೆ ಮುಟ್ಟಿಸಿದರೆ ಫ್ಯಾನು ಗಿರ್ರನೆ ತಿರುಗಿತು. ನಾನು ಚಪ್ಪಾಳೆ ತಟ್ಟಿದೆ. ಅವ್ವ ಅಡುಗೆಮನೆಯಿಂದಲೇ, ಆಯ್ತಾ, ಅನ್ನ ಆರೋಗ್ತಾದೆ ಎಂದು ಕೂಗಿದಳು. ಪಂಪಿನ ಮೋಟಾರುಗಳ ಮುಂದೆ ಅದು ಆಟದ ಸಾಮಾನಿನಂತೆ ಕಂಡಿತು. ಆ ಸಂಜೆ ಯಾರೂ ಸೀಮೆಸುಣ್ಣ ತರಲಿಲ್ಲ.

ಫ್ಯಾನು ಕೂರಿಸಿ ಕಾರು ತೆಗೆದುಕೊಂಡು ಹೋಗಿ ಬಂದ ಮೇಲೆ ಮಾದೇವಮಾವ ಒಂದು ಮಾತು ಹೇಳಿದ.

"ಸದ್ದು ಮುಂಚಿನಂಗಿಲ್ಲ ಭಾವ. ಒಂಥರಾ ಒರಟಾಗಿ ಬತ್ತದೆ."

"ಹೊಸಾ ಬ್ರಷ್ಷು ಕಣ್ಲಾ. ಸವೆಯಗಂಟ ಅಂಗೇಯ," ಎಂದ ಅಪ್ಪ.

ಸ್ವಲ್ಪ ದಿನ ಕಾರು ಮೈಸೂರು, ನಂಜನಗೂಡು ಎಂದು ದೊಡ್ಡ ರಸ್ತೆಯಲ್ಲೇ ಓಡಿತು, ತೊಂದರೆ ಕಾಣಲಿಲ್ಲ. ಶ್ರಾವಣ ಬಂತು. ನಮ್ಮ ಬೀದಿಯ ಕೊನೆಯಲ್ಲಿದ್ದ ಮೇಷ್ಟ್ರು ಶನಿವಾರ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಲು ಕಾರು ಕೇಳಿದರು. ಅವರ ವಯಸ್ಸಾದ ತಾಯಿಗೆ ನಡೆಯಲು ಆಗುತ್ತಿರಲಿಲ್ಲ. ಕಣ್ಣು ಮುಚ್ಚುವ ಮುಂಚೆ ಒಂದು ಸಲ ಬೆಟ್ಟ ತೋರಿಸು ಎಂದು ಆಕೆ ಮಗನನ್ನು ಕಾಡುತ್ತಿದ್ದರು. ಬೆಳಿಗ್ಗೆ ಅವ್ವ ಕಾರಿಗೆ ಹೂವು ಹಾಕಿ, ಅಜ್ಜಿಯ ಕಾಲಿಗೆ ಶಾಲು ಹೊದಿಸಿ ಕಳಿಸಿದಳು. ಮಾವ ಹೊರಡುವ ಮುಂಚೆ ಬಾನೆಟ್ ಎತ್ತಿ ನೀರು ನೋಡಿದ್ದನ್ನು ನಾನು ಕಂಡಿದ್ದೆ ಎಂದು ಹೇಳುವ ಆಸೆ ನನಗೆ ಎಷ್ಟೋ ಸಲ ಬಂದಿದೆ. ಆದರೆ ನಾನು ಆಗ ಇನ್ನೂ ಹಾಸಿಗೆಯಲ್ಲಿದ್ದೆ.

ಬೆಟ್ಟದ ಏರಿನಲ್ಲಿ, ಕಾಡಿನ ನಡುವೆ, ಮುಳ್ಳು ಮತ್ತೆ ಮೇಲೆ ಹೋಯಿತು. ಮಾವ ನಿಲ್ಲಿಸಿದ. ಬಾನೆಟ್ ಎತ್ತಿ ನೋಡಿದರೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಫ್ಯಾನು ಸರಿಯಿದೆ, ಏರು ಜಾಸ್ತಿ, ಅದಕ್ಕೆ ಕಾದಿದೆ ಎಂದುಕೊಂಡು ಆರುವ ತನಕ ಕಾದು, ಕುಡಿಯುವ ನೀರನ್ನೇ ಹುಯ್ದು, ಮತ್ತೆ ಹೊರಟ. ಅರ್ಧ ಏರಿನಲ್ಲಿ ಬಿಳೀ ಹೊಗೆ ಬಂತು, ಇಂಜಿನ್ ಸತ್ತುಹೋಯಿತು. ಆನೆಗಳ ಜಾಗ, ರಸ್ತೆಯ ಮೇಲೆ ಲದ್ದಿ ಇನ್ನೂ ಹಸಿಯಾಗಿತ್ತು. ಮೇಲೆ ಹೋಗುವ ಗಾಡಿಗಳೆಲ್ಲ ತುಂಬಿ ಹೋಗುತ್ತಿದ್ದವು, ಯಾರೂ ನಿಲ್ಲಿಸಲಿಲ್ಲ. ಕೊನೆಗೆ ಮಾದೇವಮಾವ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತುಕೊಂಡ. ಮೇಷ್ಟ್ರೂ ಅವರ ಹೆಂಡತಿಯೂ ಹಿಂದೆ ಹಿಂದೆ ನಡೆದರು. ಬೆಟ್ಟದ ಬುಡದವರೆಗೂ ಅವನು ಅಜ್ಜಿಯನ್ನು ಕೆಳಗಿಳಿಸಲಿಲ್ಲವಂತೆ. ಅವರನ್ನು ಬಸ್ಸು ಹತ್ತಿಸಿ, ದಾರಿಯ ಹಂಗಳ ಊರಿನಿಂದ ಟ್ರ್ಯಾಕ್ಟರ್ ತಂದು, ಕಾರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದ. ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನ ಮುಂದೆ, ಶನಿವಾರದ ಜನಜಂಗುಳಿಯ ನಡುವೆ, ಹೂವು ಮುಡಿದ ನಮ್ಮ ಕಾರು ಹಗ್ಗದ ಹಿಂದೆ ಬಂತು. ನಾನು ಗೆಳತಿಯರ ಜೊತೆ ಸ್ಕೂಲಿನಿಂದ ಬರುತ್ತಿದ್ದೆ. ಒಳಗೆ ಸ್ಟೇರಿಂಗ್ ಹಿಡಿದು ಕೂತಿದ್ದ ಮಾವ ನನ್ನನ್ನು ನೋಡಿ ಕೈ ಎತ್ತಿದ. ಪಾಲಿಶ್ ಮಾತಾಡಿದ್ದ ಹುಡುಗಿ ಪಕ್ಕದಲ್ಲೇ ಇದ್ದಳು. ನಾನು ಗೊತ್ತೇ ಇಲ್ಲದವಳಂತೆ ಅಂಗಡಿಯೊಂದರ ಬೋರ್ಡು ಓದುತ್ತಾ ನಿಂತೆ.

ಗ್ಯಾರೇಜಿನವನು ಇಂಜಿನ್ ಬಿಚ್ಚಿ, ಕಾವಿಗೆ ಮೇಲಿನ ಹೆಡ್ಡು ಬಾಗಿಹೋಗಿದೆ ಎಂದ. ಹೀಗಾಗಬೇಕಾದರೆ ಒಂದೋ ಫ್ಯಾನು ತಿರುಗಿರಬಾರದು, ಇಲ್ಲಾ ನೀರಿಲ್ಲದೆ ಓಡಿಸಿರಬೇಕು ಎಂದ. ಅಪ್ಪನಿಗೆ ಅಷ್ಟು ಸಾಕಾಯಿತು. ಫ್ಯಾನು ತನ್ನ ಕೈಯಾರೆ ಮಾಡಿದ್ದು, ತಿರುಗುತ್ತಲೂ ಇದೆ. ಹಾಗಾದರೆ ಉಳಿದದ್ದು ನೀರು. ಮಾವ ಉಪ್ಪುಸಾರಿಗೆ ಮುದ್ದೆ ಅದ್ದುತ್ತಿದ್ದಾಗ ಅಪ್ಪ ಶುರುಮಾಡಿದ.

"ನೀರ್ ನೋಡ್ದೆ ಓಡ್ಸಿದ್ದೀಯ. ಒಪ್ಕೊಂಬುಡು."

"ನೋಡಿದ್ದೆ ಭಾವ. ದೇವ್ರಾಣೆಗೂ ನೋಡಿದ್ದೆ."

"ನೋಡಿದ್ರೆ ಇಂಜಿನ್ ಯಾಕ್ಲಾ ಸುಟ್ಟೋಯ್ತು? ಫ್ಯಾನು ತಿರುಗ್ತಿತ್ತು ಅಂತ ನೀನೇ ಹೇಳ್ತೀಯ. ನಿಮ್ಮಟ್ಟಿಯೋರ ಬುದ್ಧಿಯೇ ಇಷ್ಟು. ಕೈಗೆ ಕೊಟ್ಟದ್ದ ಆಳ್ಮಾಡದು, ಆಮೇಲೆ ಆಣೆ ಇಕ್ಕದು."

ಅವ್ವ ಸಾರಿನ ಸೌಟು ಹಿಡಿದವಳು ಹಾಗೆಯೇ ನಿಂತಿದ್ದಳು. ಮಾವ ತಟ್ಟೆಯಲ್ಲೇ ಕೈ ತೊಳೆದ. ರೆಕ್ಸಿನ್ ಬ್ಯಾಗು ತೆಗೆದುಕೊಂಡು, ಕನ್ನಡಿಯನ್ನು ಮೊಳೆಯ ಮೇಲೇ ಬಿಟ್ಟು, ಸಂತೆಮರಹಳ್ಳಿಗೆ ಹೊರಟುಹೋದ. ಅಪ್ಪ ಅಲ್ಲಿಗೆ ನಿಲ್ಲಿಸಲಿಲ್ಲ. ಟೀ ಅಂಗಡಿಯಲ್ಲಿ, ಪೈಪಿನ ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ, ಕೇಳಿದವರಿಗೂ ಕೇಳದವರಿಗೂ, ಭಾಮೈದ ನೀರು ಹಾಕದೆ ಇಂಜಿನ್ ಸುಟ್ಟ ಎಂದು ಹೇಳಿಕೊಂಡು ತಿರುಗಿದ. ಡ್ರೈವರುಗಳ ಬಾಯಲ್ಲಿ ಮಾತು ಬಸ್ಸಿಗಿಂತ ಬೇಗ ಹೋಗುತ್ತದೆ. ಮಾವ ಸಂತೆಮರಹಳ್ಳಿ ಮುಟ್ಟಿ ಸ್ವಲ್ಪ ದಿನಕ್ಕೆಲ್ಲ ಹಳೆಯ ಟೆಂಪೋದ ಯಜಮಾನನೂ ಕೀಲಿ ಕೊಡಲು ಹಿಂದುಮುಂದು ನೋಡಿದ. ಮಾವ ಬೇರೆಯವರ ಅರಿಸಿನದ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಾನೆ ಎಂದು ಅವ್ವನಿಗೆ ಯಾರೋ ಹೇಳಿದರು. ಅವ್ವ ಆ ದಿನಗಳಲ್ಲಿ ಅಪ್ಪನಿಗೆ ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಸ್ವಿಚ್ಚಿನ ಹತ್ತಿರ ನಿಂತು ಹಾಕು ಎಂದರೆ ಹಾಕುತ್ತಿದ್ದಳು. ಮಾತು ಮಾತ್ರ ಆಡುತ್ತಿರಲಿಲ್ಲ. ಉಪ್ಪುಸಾರು ಮಾಡುವುದನ್ನೂ ಬಿಟ್ಟಳು.

ಕಾರು ರಿಪೇರಿಯಾಗಿ ಬಂದ ಮೇಲೆ ಒಂದು ಭಾನುವಾರ ತಾತ, ಅಂದರೆ ಅವ್ವನ ಅಪ್ಪ, ಮಾವನನ್ನು ಕರೆದುಕೊಂಡು ಬಂದ. ಜಗಳ ಆಡಲು ಬಂದಿರಲಿಲ್ಲ. ಮಗಳ ಮನೆಯ ಬಾಗಿಲು ಮುಚ್ಚಿಹೋಗಬಾರದು, ತಪ್ಪು ಯಾರದೇ ಇರಲಿ, ಸಣ್ಣವನು ಬಗ್ಗಲಿ ಎಂದು ಬಂದಿದ್ದ. ಚೀಲದಲ್ಲಿ ತೆಂಗಿನಕಾಯಿ, ಬಾಳೆಹಣ್ಣು ಇತ್ತು. ಅಪ್ಪ ತಾತನನ್ನು ಕೂರಿಸುವ ಮುಂಚೆಯೇ ಹೊರಗೆ ಕರೆದ.

"ಬನ್ನಿ ಮಾವೋರೆ, ನೀವೇ ಕಣ್ಣಾರೆ ನೋಡ್ಬುಡಿ. ಆಮೇಲೆ ನಾನು ಸುಮ್ನೆ ಸುಮ್ನೆ ನಿಮ್ಮ ಮಗನ ಮೇಲೆ ಹೊರಿಸ್ದೆ ಅನ್ನಬಾರ್ದು."

ಅಷ್ಟು ಹೊತ್ತಿಗೆ ಅಪ್ಪ ಕೀಲಿ ತಿರುಗಿಸಿ ಇಂಜಿನ್ ಹಾಕುವುದನ್ನು ಕಲಿತಿದ್ದ. ಕಾರು ಅಂಗಳದಲ್ಲಿ ನಿಂತಲ್ಲೇ ಗುರುಗುಟ್ಟಿತು. ಬೀದಿಯವರು ಒಬ್ಬೊಬ್ಬರೇ ಬಂದು ನಿಂತರು. ಮಾವ ಎಲ್ಲರಿಗಿಂತ ಹಿಂದೆ, ಬೇಲಿಯ ಹತ್ತಿರ, ನೆಲ ನೋಡುತ್ತಾ ನಿಂತಿದ್ದ. ಅವ್ವ ಹೊಸಿಲಿನಲ್ಲಿದ್ದಳು. ಇಂಜಿನ್ ಕಾದು, ಫ್ಯಾನು ತಾನಾಗಿಯೇ ಶುರುವಾಯಿತು. ಅಪ್ಪನ ಮುಖದಲ್ಲಿ ಗೆಲುವು ಕಂಡಿತು. ಅವನು ಒಳಗಿನಿಂದ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು ತಂದ.

"ನೋಡಿ, ಗಾಳಿ ಎಂಗೆ ಎಳ್ಕತದೆ ಅಂತ. ಈ ಹಾಳೆ ಇಟ್ರೆ ಅಂಗೇ ಕಚ್ಕತದೆ."

ಕಾರಿನ ಮುಂದಿನ ಜಾಲರಿಗೆ ಹಾಳೆ ಒತ್ತಿ ಕೈಬಿಟ್ಟ. ಹಾಳೆ ಕಚ್ಚಿಕೊಳ್ಳಲಿಲ್ಲ. ಹಾರಿ ಬಂದು ತಾತನ ಪಂಚೆಗೆ ಬಡಿದು ಕೆಳಗೆ ಬಿತ್ತು. ಅಪ್ಪ ಅದನ್ನು ಎತ್ತಿಕೊಂಡು ಮತ್ತೆ ಇಟ್ಟ. ಮತ್ತೆ ಹಾರಿತು. ಅಪ್ಪ ಜಾಲರಿಯ ಮುಂದೆ ಅಂಗೈ ಹಿಡಿದ. ಹಾಗೇ ಹಿಡಿದುಕೊಂಡು ನಿಂತ. ಅವನ ಕಿವಿಗಳು ಕೆಂಪಾದದ್ದನ್ನು ನಾನು ಪಕ್ಕದಿಂದ ನೋಡಿದೆ. ಬಿಸಿಗಾಳಿಗೆ ಇರಬೇಕು ಎಂದುಕೊಂಡೆ. ಬ್ಯಾಟರಿ ಮೋಟಾರಿಗೆ ಇರುವುದೇ ಎರಡು ವೈರು. ಅವೆರಡೂ ಅದಲುಬದಲಾಗಿದ್ದವು. ಒಳಕ್ಕೆ ಗಾಳಿ ಎಳೆಯಬೇಕಾದ ಫ್ಯಾನು ಇಂಜಿನ್ನಿನ ಬಿಸಿಗಾಳಿಯನ್ನು ಹೊರಕ್ಕೆ ನೂಕುತ್ತಿತ್ತು. ಬೆಟ್ಟದ ಏರಿನಲ್ಲಿ ತಂಪು ಗಾಳಿಯನ್ನು ಒಳಗೆ ಬರಲು ಬಿಟ್ಟಿರಲಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅಪ್ಪನಿಗೆ ಆ ಗಳಿಗೆಯಲ್ಲೇ ತಿಳಿಯಿತು. ಅವನು ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದ.

"ಗಾಳಿ ಜೋರಾಗೇ ಅದೆ ಬುಡಿ ಅಳಿಮಯ್ಯ," ಎಂದ ತಾತ. ಅವನಿಗೆ ಕಂಡದ್ದು ಅಷ್ಟೇ: ಫ್ಯಾನು ತಿರುಗಿತು, ಗಾಳಿ ಬಂತು. ತಾತ ಮಗನ ಕಡೆ ತಿರುಗಿದ. "ಬಾರ್ಲಾ ಇಲ್ಲಿ. ಫ್ಯಾನು ಸರಿಯಾಗದೆ. ನೀನೇ ಮರ್ತಿದ್ದೀಯ ನೀರ. ಭಾವಂಗೆ ಕೈಮುಗ್ದು ತಪ್ಪಾಯ್ತು ಅನ್ನು."

ಮಾದೇವಮಾವ ಬೇಲಿಯ ಹತ್ತಿರದಿಂದ ನಡೆದು ಬಂದ. ಅಪ್ಪನ ಮುಂದೆ ನಿಂತು ಕೈಮುಗಿದ.

"ತಪ್ಪಾಯ್ತು ಭಾವ."

ಅಪ್ಪ ಅವನ ಹೆಗಲಿನ ಮೇಲೆ ಕೈಯಿಟ್ಟ. "ಆಯ್ತು ಬುಡು," ಎಂದ.

ಬೀದಿಯವರು ತಲೆದೂಗಿದರು. ನನ್ನ ಎದೆ ಉಬ್ಬಿತು. ನಮ್ಮಪ್ಪ ದೊಡ್ಡ ಮನುಷ್ಯ, ಇಷ್ಟು ನಷ್ಟವಾದರೂ ಕ್ಷಮಿಸಿಬಿಟ್ಟ ಎಂದು ಅನ್ನಿಸಿತು. ಅವ್ವನ ಮುಖ ನೋಡಬೇಕೆಂದು ತಿರುಗಿದೆ. ಅವಳು ನೆಲದ ಮೇಲೆ ಬಿದ್ದಿದ್ದ ಹಾಳೆ ನೋಡುತ್ತಿದ್ದಳು.

ಊಟಕ್ಕೆ ಎಲೆ ಹಾಕಿದರು. ಅವ್ವ ಎಷ್ಟೋ ದಿನದ ಮೇಲೆ ಉಪ್ಪುಸಾರು ಮಾಡಿದ್ದಳು, ಜೊತೆಗೆ ಪಾಯಸವೂ ಇತ್ತು. ತಾತ, ಅಪ್ಪ, ಮಾವ ಒಂದೇ ಸಾಲಿನಲ್ಲಿ ಕೂತರು. ತಾತ ಹಗುರಾಗಿದ್ದ, ಈ ವರ್ಷದ ಈರುಳ್ಳಿಯ ಮಾತಾಡುತ್ತಿದ್ದ. ಅವ್ವ ಬಡಿಸುತ್ತಾ ಹೋದಳು. ಮುದ್ದೆ ಇಟ್ಟಳು, ಸಾರು ಹಾಕಿದಳು, ಅನ್ನ ಹಾಕಿದಳು. ಪ್ರತಿ ಸಲ ಅಪ್ಪನ ಎಲೆಯ ಮುಂದೆ ಬಂದಾಗ ಒಂದು ಗಳಿಗೆ ಹೆಚ್ಚಿಗೆ ನಿಲ್ಲುತ್ತಿದ್ದಳು. ಅಪ್ಪ ತಲೆ ಎತ್ತಲಿಲ್ಲ. ಪಾಯಸದ ಪಾತ್ರೆ ತಂದವಳು ಬಡಿಸದೆ ಅದನ್ನು ನೆಲದ ಮೇಲಿಟ್ಟಳು.

"ನೀವೇ ಹೇಳ್ತೀರೋ, ನಾನ್ ಹೇಳ್ಲೋ?"

ಅಪ್ಪ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ.

"ಏನಮ್ಮಿ ಅದು?" ಎಂದ ತಾತ.

ಅವ್ವ ಅಪ್ಪನನ್ನೇ ನೋಡುತ್ತಿದ್ದಳು. ಅಪ್ಪ ಎದ್ದ. ಎಂಜಲು ಕೈಯಲ್ಲೇ ಹೊರಗೆ ಹೋದ. ಬಾನೆಟ್ ಎತ್ತಿದ ಸದ್ದು ಕೇಳಿತು, ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಎರಡು ವೈರು ಬದಲಿಸಲು ಅಷ್ಟು ಹೊತ್ತು ಬೇಡ ಎಂದು ಈಗ ನನಗೆ ಗೊತ್ತು. ಹಿಂದಕ್ಕೆ ಬಂದವನು ಬಾಗಿಲಲ್ಲೇ ನಿಂತ. ಎಡಗೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

"ಫ್ಯಾನು ಉಲ್ಟಾ ಸುತ್ತುತಾ ಇತ್ತು," ಎಂದ. "ನಾನೇ ಜೋಡಿಸಿದ್ದು. ಮಾದೇವಂದು ಏನೂ ತಪ್ಪಿಲ್ಲ."

ಮಾವ ಗಾಬರಿಯಿಂದ ಎದ್ದುನಿಂತ. "ಬುಡಿ ಭಾವ, ಓಗ್ಲಿ ಬುಡಿ, ಆಗೋಯ್ತಲ್ಲ," ಎಂದ. ಅವನಿಗೆ ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ. ತಾತ ಮಾತ್ರ ಕೂತಲ್ಲಿಂದ ಕದಲಲಿಲ್ಲ. ಅವನ ದನಿ ಏರಲಿಲ್ಲ.

"ಒಂದ್ ಮಾತು ಕೇಳ್ತೀನಿ ಅಳಿಮಯ್ಯ. ಇಂವ ಅಂಗಳದಲ್ಲಿ ಕೈಮುಗುದ್ನಲ್ಲ, ಆಗ ನಿಮಗೆ ಗೊತ್ತಿತ್ತಾ?"

ಅಪ್ಪ ಸ್ಕ್ರೂಡ್ರೈವರನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಗೊತ್ತಿತ್ತು," ಎಂದ.

ತಾತ ಎಲೆಯಲ್ಲಿದ್ದ ಅನ್ನವನ್ನು ಪೂರ್ತಿ ಉಂಡ. ಒಂದಗುಳೂ ಬಿಡಲಿಲ್ಲ. ಮಗಳು ಬಡಿಸಿದ ಅನ್ನ ಅದು. ಪಾಯಸ ಬೇಡವೆಂದ. ಎಲೆಯಡಿಕೆಗೆ ಕೂರಲಿಲ್ಲ. ಮೊಳೆಯ ಮೇಲಿದ್ದ ಕನ್ನಡಿಯನ್ನು ಅವ್ವ ಪೇಪರಿನಲ್ಲಿ ಸುತ್ತಿ ಮಾವನ ಕೈಗೆ ಕೊಟ್ಟಳು, ಬಸ್‌ಸ್ಟ್ಯಾಂಡಿನ ತನಕ ಅವರ ಜೊತೆ ನಡೆದು ಹೋದಳು. ಮದುವೆಯಾದ ಹೆಂಗಸು ತವರಿನವರನ್ನು ಬಸ್ಸು ಹತ್ತಿಸಿ ಒಬ್ಬಳೇ ಪೇಟೆಯೊಳಗಿಂದ ನಡೆದು ಬರುವುದು ನಮ್ಮ ಬೀದಿಯಲ್ಲಿ ಮಾತಿಗೆ ಬರುವ ವಿಷಯ. ಅವಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮಾದೇವಮಾವನ ಮಾತನ್ನು ಇಲ್ಲೇ ಮುಗಿಸುತ್ತೇನೆ. ಅವನು ಮತ್ತೆ ನಮ್ಮ ಕಾರು ಮುಟ್ಟಲಿಲ್ಲ. ಕಾಲ ಸರಿದ ಮೇಲೆ ಚಾಮರಾಜನಗರದಲ್ಲಿ ಹಾಲಿನ ವ್ಯಾನು ಓಡಿಸುವ ಕೆಲಸ ಸಿಕ್ಕಿತು, ಮದುವೆಯಾದ, ಚೆನ್ನಾಗಿಯೇ ಬದುಕಿದ. ಹಬ್ಬಕ್ಕೆ ಬರುತ್ತಿದ್ದ, ಅಪ್ಪನ ಜೊತೆ ಮಾತಾಡುತ್ತಿದ್ದ, ಅವನ ಹೆಗಲ ಮೇಲೆ ಅಪ್ಪ ಕೈಯಿಡಲು ಹೋದರೆ ಮಾತ್ರ ಏನೋ ನೆನಪಾದವನಂತೆ ಸರಿದುಬಿಡುತ್ತಿದ್ದ. ಬೇಕೆಂದು ಮಾಡುತ್ತಿದ್ದನೋ ಇಲ್ಲವೋ ಗೊತ್ತಿಲ್ಲ. ಅಪ್ಪನಿಗೆ ಅದು ಗೊತ್ತಾಗುತ್ತಿತ್ತು. ಕಾರನ್ನು ಮುಂದಿನ ವರ್ಷ ಮಾರಿದರು.

ಆ ಭಾನುವಾರ ಅವ್ವ ಬಸ್‌ಸ್ಟ್ಯಾಂಡಿನಿಂದ ಹಿಂದಿರುಗಿದಾಗ ಅಪ್ಪ ಮುಂಗೋಣೆಯಲ್ಲಿ ಯಾವುದೋ ಮೋಟಾರು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದ.

"ನನ್ ತಮ್ಮನ್ನ ಯಾರ್ಯಾರ ಮುಂದೆ ಅಂದ್ರೋ ಅವರಿಗೆಲ್ಲ ನೀವೇ ಓಗಿ ನಿಜ ಹೇಳ್ಬುಟ್ಟು ಬನ್ನಿ," ಎಂದಳು. "ಈ ಅಮ್ಮೀನೂ ಕರ್ಕೊಂಡೋಗಿ."

ನನ್ನನ್ನು ಯಾಕೆ ಕಳಿಸುತ್ತಿದ್ದಾಳೆಂದು ನನಗೆ ಹೊಳೆಯಲಿಲ್ಲ. ಅಪ್ಪನಿಗೆ ಹೊಳೆದಿರಬೇಕು. ಅವನು ನನ್ನ ಕೈ ಹಿಡಿದುಕೊಂಡು ಹೊರಟ. ಮೊದಲು ಗ್ಯಾರೇಜು, ಅಲ್ಲಿ ಅವನು ಬೇಗ ಹೇಳಿ ಮುಗಿಸಿದ. ಆಮೇಲೆ ಬಸ್‌ಸ್ಟ್ಯಾಂಡಿನ ಎದುರಿನ ಮಲಯಾಳಿ ಚೇಟನ ಟೀ ಅಂಗಡಿ. ಮಾವನ ಮೇಲೆ ಅಪ್ಪ ಹೆಚ್ಚಿಗೆ ಆಡಿಕೊಂಡದ್ದು ಅಲ್ಲಿಯೇ. ಬೆಂಚಿನ ಮೇಲೆ ಲಾರಿಯವರೂ ಬಾಡಿಗೆ ಕಾರಿನವರೂ ಕೂತಿದ್ದರು. ಅಪ್ಪ ನಿಂತುಕೊಂಡೇ ಹೇಳಿದ. ಯಾರೋ ಒಬ್ಬ, ಅಲ್ಲಾ ಸ್ವಾಮಿ, ಊರಿನ ಪಂಪ್‌ಸೆಟ್ಟೆಲ್ಲ ನೀವು ನೆಟ್ಟಗೆ ಮಾಡ್ತೀರ, ನಿಮ್ಮ ಫ್ಯಾನೇ ಉಲ್ಟಾನಾ ಎಂದ. ಎಲ್ಲರೂ ನಕ್ಕರು. ಟೀ ಸೋಸುತ್ತಿದ್ದ ಚೇಟನೂ ನಕ್ಕ. ಅಪ್ಪ ನಗು ಮುಗಿಯುವ ತನಕ ನಿಂತಿದ್ದ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವನ ಕೈಯಿಂದ ನನ್ನ ಕೈ ಬಿಡಿಸಿಕೊಳ್ಳಲು ನೋಡಿದೆ. ಮಧ್ಯಾಹ್ನ ಅವನು ಮಾವನ ಹೆಗಲ ಮೇಲೆ ಕೈಯಿಟ್ಟಾಗ ಹೆಮ್ಮೆಪಟ್ಟವಳು ನಾನು. ಸಂಜೆ ಅವನು ನಿಜ ಹೇಳಿದಾಗ ನಾಚಿಕೆಯಿಂದ ಸತ್ತುಹೋದೆ. ಯಾವುದಕ್ಕೆ ನಾಚಬೇಕು, ಯಾವುದಕ್ಕೆ ಹೆಮ್ಮೆಪಡಬೇಕು ಎಂಬುದನ್ನು ನನ್ನೊಳಗೆ ತಿರುಗಿಸಿ ಜೋಡಿಸಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು.

ಮೇಷ್ಟ್ರ ಮನೆಯಲ್ಲಿ ಅಜ್ಜಿ ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಅಪ್ಪ ಹೇಳಿದ್ದನ್ನೆಲ್ಲ ಕೇಳಿ, ಫ್ಯಾನಿನ ಮಾತು ಎಷ್ಟು ಅರ್ಥವಾಯಿತೋ, ಒಂದೇ ಪ್ರಶ್ನೆ ಕೇಳಿದರು.

"ನನ್ನ ಹೊತ್ಕೊಂಡ್ ಬಂದ್ನಲ್ಲಪ್ಪ ಆ ಮಗ, ಅವಂದೇ ತಪ್ಪು ಅಂತಿದ್ರಾ ಇಷ್ಟು ದಿನ?"

ಅಪ್ಪ ಹೂಂ ಅಂದ. ಅಜ್ಜಿ ಮುಖ ಆಚೆ ತಿರುಗಿಸಿಕೊಂಡರು. ಮೇಷ್ಟ್ರು ಕೂತ್ಕೊಳಿ, ಕಾಫಿ ಕುಡಿದು ಹೋಗಿ ಎಂದರು. ಅಪ್ಪ ಕೂರಲಿಲ್ಲ.

ಉಳಿದದ್ದು ಪೈಪಿನ ಅಂಗಡಿ. ಪಂಪು, ಪೈಪು ಕೊಳ್ಳಲು ಬರುವ ರೈತರೆಲ್ಲ ಸಂಜೆ ಅಲ್ಲಿ ಸೇರುತ್ತಿದ್ದರು. ಅಪ್ಪನಿಗೆ ಕೆಲಸ ಬರುತ್ತಿದ್ದದ್ದು ಅಲ್ಲಿಂದಲೇ. ಮಾಟವೆಂದು ಅತ್ತಿದ್ದ ಬೇಗೂರಿನ ಆ ರೈತನೂ ಅವತ್ತು ಚೀಲವೊಂದರ ಮೇಲೆ ಕೂತಿದ್ದ. ಅಪ್ಪ ರಸ್ತೆಯ ಈಚೆ ನಿಂತು ನೋಡಿದ.

"ಜನ ಜಾಸ್ತಿ ಅವ್ರೆ. ಮನೆಗೆ ಹೋಗನ ನಡಿ," ಎಂದ.

ಅವ್ವ ಹೊಸಿಲಿನ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಎಲ್ಲಾರ್ಗೂ ಹೇಳುದ್ರಾ?"

"ಹೇಳ್ದೆ," ಎಂದ ಅಪ್ಪ.

ಅವ್ವ ಅಪ್ಪನನ್ನು ನೋಡಲಿಲ್ಲ. ಮೊರ ಪಕ್ಕಕ್ಕಿಟ್ಟು ನನ್ನನ್ನು ನೋಡಿದಳು.

"ಎಲ್ಲಾರ್ಗೂನಾ ಅಮ್ಮಿ?"

ಅಪ್ಪ ಆಡಿದ ಮಾತಿಗೆ ನಮ್ಮ ಮನೆಯಲ್ಲಿ ಇನ್ನೊಬ್ಬರ ಸಾಕ್ಷಿ ಕೇಳಿದ್ದು ಅದೇ ಮೊದಲು. ಅಪ್ಪ ಒಂದು ಚಪ್ಪಲಿ ಬಿಟ್ಟಿದ್ದ, ಇನ್ನೊಂದು ಕಾಲಲ್ಲೇ ಇತ್ತು. ಅವನು ಬೇಡವೆಂದು ಕಣ್ಣಿನಲ್ಲೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ನಾನು ಅವ್ವನಿಗೆ ಹೂಂ ಅಂದುಬಿಡುತ್ತಿದ್ದೆನೇನೋ.

"ಪೈಪಿನಂಗ್ಡಿ ಉಳ್ಕಂಡದೆ ಕಣವ್ವ," ಎಂದೆ.

ಅವ್ವ ಮೊರ ಮತ್ತೆ ಮಡಿಲಿಗೆ ಎಳೆದುಕೊಂಡಳು. ಅಪ್ಪ ಬಿಟ್ಟಿದ್ದ ಚಪ್ಪಲಿಯನ್ನು ಕಾಲಿನಿಂದ ಹುಡುಕಿ ಮೆಟ್ಟಿಕೊಂಡ. ಈ ಸಲ ನನ್ನನ್ನು ಕರೆಯಲಿಲ್ಲ. ಬೀದಿಯ ತಿರುವಿನಲ್ಲಿ ಒಂದು ಗಳಿಗೆ ನಿಂತು, ಅಂಗಿಯ ಗುಂಡಿ ಸರಿಮಾಡಿಕೊಂಡು, ಪೇಟೆಯ ಕಡೆಗೆ ನಡೆದ.